ಒಂದು ಚೀಟಿ, ಒಂದು ಮುಡಿ ಅಕ್ಕಿ

ಹೊನ್ನಾವರದ ಕಡೆಯ ಹಳ್ಳಿಯಿಂದ ಏಳನೆಯ ತರಗತಿಯ ಹುಡುಗಿಯೊಬ್ಬಳು ಈ ಅಂಕಣಕ್ಕೆ ಕಾಗದ ಬರೆದಿದ್ದಾಳೆ. ಗೆರೆ ಎಳೆದ ಹಾಳೆ, ಗುಂಡು ಗುಂಡು ಅಕ್ಷರ. “ಅಜ್ಜಾ, ಪೋರ್ಚುಗೀಸರು ಆರೇಳು ತಿಂಗಳು ಹಡಗಿನಲ್ಲಿ ಕೂತು ಇಲ್ಲಿಗೆ ಬರಬೇಕಿತ್ತಂತೆ. ಅಷ್ಟು ದೂರದಿಂದ ಬಂದ ಅಷ್ಟೇ ಅಷ್ಟು ಜನ ನಮ್ಮ ಕರಾವಳಿಯನ್ನೆಲ್ಲ ಹೇಗೆ ಹಿಡಿದರು? ನಮ್ಮವರು ಯಾಕೆ ಸುಮ್ಮನಿದ್ದರು?” ಎಂದು ಕೇಳಿದ್ದಾಳೆ.

ಎರಡೂ ಒಳ್ಳೆಯ ಪ್ರಶ್ನೆಗಳೇ. ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಜಮಾ-ಖರ್ಚು ಬರೆದವನಿಗೆ ಮೊದಲನೆಯ ಪ್ರಶ್ನೆ ವಿಶೇಷವಾಗಿ ಇಷ್ಟವಾಯಿತು. ಯಾಕೆಂದರೆ ಅದರ ಉತ್ತರ ಕತ್ತಿ-ಕೋವಿಗಳಲ್ಲಿ ಇರುವುದಕ್ಕಿಂತ ಲೆಕ್ಕದ ಪುಸ್ತಕದಲ್ಲಿ ಹೆಚ್ಚು ಇದೆ.

ಮಕ್ಕಳೇ, ಮೊದಲು ನಿಮ್ಮ ಅಟ್ಲಾಸ್ ತೆರೆಯಿರಿ. ಉತ್ತರದಲ್ಲಿ ಕಾರವಾರದಿಂದ ದಕ್ಷಿಣದಲ್ಲಿ ಮಂಗಳೂರಿನವರೆಗೆ ಬೆರಳು ಇಟ್ಟುಕೊಂಡು ಇಳಿಯಿರಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಆಮೇಲೆ ಐದು ಹೊಳೆ ಸೇರುವ ಗಂಗೊಳ್ಳಿ, ಕೊನೆಗೆ ನೇತ್ರಾವತಿ. ಎಲ್ಲವೂ ಘಟ್ಟದಿಂದ ಇಳಿದು ಸಮುದ್ರ ಸೇರುವ ಹೊಳೆಗಳು. ಹೊಳೆ ಕಡಲಿಗೆ ಬೀಳುವ ಜಾಗಕ್ಕೆ ಅಳಿವೆ ಎನ್ನುತ್ತಾರೆ. ಹಳೆಯ ಪೇಟೆಗಳೆಲ್ಲ ಈ ಅಳಿವೆಗಳ ಹತ್ತಿರವೇ ಹುಟ್ಟಿದವು: ಮಿರ್ಜಾನ, ಹೊನ್ನಾವರ, ಭಟ್ಕಳ, ಬಸ್ರೂರು, ಮಂಗಳೂರು. ಘಟ್ಟದ ಮೇಲಿನ ಕಾಳುಮೆಣಸು, ಶುಂಠಿ, ಅಡಿಕೆ ಹೇರೆತ್ತಿನ ಬೆನ್ನ ಮೇಲೆ ಇಳಿದು, ಹೊಳೆಯಲ್ಲಿ ದೋಣಿ ಹತ್ತಿ, ಅಳಿವೆಯಲ್ಲಿ ಹಡಗು ಸೇರುತ್ತಿತ್ತು. ನೂರು ಹಳ್ಳಿಯ ಸರಕಿಗೆ ಹೊರಬಾಗಿಲು ಒಂದೇ. ಇಡೀ ಬ್ಯಾಂಕ್ ಕಟ್ಟಡವನ್ನು ಕಾಯುವುದು ಬೇಡ, ಕ್ಯಾಷ್ ಕೌಂಟರಿನ ಕಿಂಡಿ ಹಿಡಿದುಕೊಂಡರೆ ಸಾಕು ಎಂಬಂಥ ಪರಿಸ್ಥಿತಿ.

ಪೋರ್ಚುಗೀಸರು ಬರುವ ಮೊದಲು ಈ ಪೇಟೆಗಳು ಮಲಗಿದ್ದವು ಎಂದುಕೊಳ್ಳಬೇಡಿ. ಅವರು ಬರುವುದಕ್ಕೆ ನೂರೈವತ್ತು ವರ್ಷ ಮೊದಲು, 1340ರ ದಶಕದಲ್ಲಿ, ಮೊರಾಕ್ಕೋ ದೇಶದ ಇಬ್ನ್ ಬತೂತ ಎಂಬ ಪ್ರವಾಸಿ ಹೊನ್ನಾವರಕ್ಕೆ ಬಂದಿದ್ದ. ಆ ಊರಿನಲ್ಲಿ ಹುಡುಗರಿಗೆ 23 ಶಾಲೆ, ಹುಡುಗಿಯರಿಗೆ 13 ಶಾಲೆ ನೋಡಿದೆ ಎಂದು ಬರೆದಿದ್ದಾನೆ. ಕಾಗದ ಬರೆದ ಪುಟ್ಟಿಗೆ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ನಿನ್ನ ಊರಿನ ಹುಡುಗಿಯರು ಸುಮಾರು ಏಳುನೂರು ವರ್ಷದ ಹಿಂದೆಯೇ ಶಾಲೆಗೆ ಹೋಗುತ್ತಿದ್ದರು. ಭಟ್ಕಳದಲ್ಲಿ ನವಾಯತ ವರ್ತಕರು, ಬಸ್ರೂರಿನಲ್ಲಿ ಶೆಟ್ಟರು, ಸಾರಸ್ವತರು. ಅರಬರು, ಗುಜರಾತಿನವರು, ಮಲಬಾರಿನ ಮಾಪಿಳ್ಳೆಗಳು ಎಲ್ಲರೂ ಬಂದು ಹೋಗುತ್ತಿದ್ದರು. ಅರಬ್ ದೇಶದ ಕುದುರೆಗಳು ಭಟ್ಕಳದಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರ ಸೇರುತ್ತಿದ್ದವು. ಬಂದರಿನ ಒಡೆಯನಿಗೆ ಸುಂಕ ಕಟ್ಟಬೇಕಿತ್ತು, ನಿಜ. ಕಳ್ಳರ ಕಾಟವೂ ಇತ್ತು. ಆದರೆ ಕಡಲಿಗೆ ಯಜಮಾನ ಅಂತ ಒಬ್ಬನಿರಲಿಲ್ಲ. ಗಾಳಿ ಬೀಸಿದರೆ ಹಾಯಿ ಏರಿಸಿ ಹೊರಟರಾಯಿತು.

1498ರ ಮೇ 20ರಂದು ವಾಸ್ಕೋ ಡ ಗಾಮ ಕಲ್ಲಿಕೋಟೆಯ ಹತ್ತಿರ ಲಂಗರು ಹಾಕಿದ. ಆಫ್ರಿಕಾದ ಮಾಲಿಂದಿಯಲ್ಲಿ ಹತ್ತಿಸಿಕೊಂಡ, ಈ ಕಡಲನ್ನು ಬಲ್ಲ ಒಬ್ಬ ನಾವಿಕ ಅವನಿಗೆ ದಾರಿ ತೋರಿಸಿದ್ದ. ದಾರಿ ತೋರಿಸುವವನೊಬ್ಬ ಇದ್ದ ಮೇಲೆ ‘ಕಂಡುಹಿಡಿದ’ ಎಂಬ ಮಾತು ನನಗೆ ಯಾವಾಗಲೂ ಸ್ವಲ್ಪ ಹೆಚ್ಚೆನಿಸುತ್ತದೆ. ಇರಲಿ. ಊರಿಗೆ ಮರಳುವ ಮೊದಲು ಅವನ ಹಡಗುಗಳು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಕೆಲವು ದಿನ ನಿಂತು, ಸಿಹಿನೀರು ತುಂಬಿಸಿಕೊಂಡು, ಹಡಗು ರಿಪೇರಿ ಮಾಡಿಕೊಂಡು ಹೋದವು. ನಮ್ಮ ಕರಾವಳಿಗೂ ಅವರಿಗೂ ಆದ ಮೊದಲ ಪರಿಚಯ ಅದು.

ಮುಂದೆ ನಾಲ್ಕೈದು ವರ್ಷದಲ್ಲೇ ಅವರು ಒಂದು ಚೀಟಿ ತಂದರು. ಅದರ ಹೆಸರು ಕಾರ್ತಾಜ್. ಅಂಗೈಯಗಲದ ಕಾಗದ ಎಂದುಕೊಳ್ಳಿ. ಹಡಗಿನ ಹೆಸರೇನು, ಯಜಮಾನ ಯಾರು, ಎಷ್ಟು ಭಾರ ಹೊರುತ್ತದೆ, ಎಲ್ಲಿಂದ ಎಲ್ಲಿಗೆ, ಎಷ್ಟು ಜನ, ಎಷ್ಟು ಆಯುಧ ಎಂದೆಲ್ಲ ಅದರಲ್ಲಿ ಬರೆದಿರುತ್ತಿತ್ತು. ಕೆಳಗೆ ಪೋರ್ಚುಗೀಸ್ ಅಧಿಕಾರಿಯ ಸಹಿ, ಮುದ್ರೆ. ಈ ಚೀಟಿ ಇಲ್ಲದ ಹಡಗು ಕಡಲಲ್ಲಿ ಸಿಕ್ಕಿದರೆ ಸರಕು ಜಪ್ತಿ. ಎದುರು ನಿಂತರೆ ಹಡಗೇ ಮುಳುಗಿತು. ಚೀಟಿ ಇದ್ದರೂ ಕಾಳುಮೆಣಸು ಹೇರುವ ಹಾಗಿಲ್ಲ, ಅದು ತಮ್ಮ ಅರಸನಿಗೇ ಮೀಸಲು ಎಂದರು.

ಚೀಟಿಯ ಶುಲ್ಕ ತೀರ ಅಲ್ಪ. ನಮ್ಮಲ್ಲಿ ಪಾಸ್ ಪುಸ್ತಕಕ್ಕೆ ತೆಗೆದುಕೊಳ್ಳುತ್ತಿದ್ದ ಪುಡಿಕಾಸಿನ ಹಾಗೆ. ಲಾಭ ಇದ್ದದ್ದು ಬೇರೆ ಕಡೆ. ಚೀಟಿ ಪಡೆದ ಹಡಗು ಹೋಗುವಾಗಲೋ ಬರುವಾಗಲೋ ಗೋವೆಗೆ, ಅಥವಾ ಅವರ ಕೈಯಲ್ಲಿದ್ದ ಇನ್ನೊಂದು ಬಂದರಿಗೆ, ಬಂದು ಸುಂಕ ಕಟ್ಟಿಯೇ ಹೋಗಬೇಕು ಎಂಬ ಷರತ್ತು ಇರುತ್ತಿತ್ತು. ಸಮುದ್ರದಲ್ಲಿ ಗಡಿಕಲ್ಲು ನೆಡಲಾಗದು. ಅದಕ್ಕೆ ಕಾಗದವನ್ನೇ ಗಡಿಕಲ್ಲು ಮಾಡಿದರು. ದಿಲ್ಲಿ-ಆಗ್ರಾದ ಅಕ್ಬರ್ ಬಾದಶಹನ ಕಡೆಯ ಹಡಗುಗಳು ಮೆಕ್ಕಾ ಯಾತ್ರೆಗೆ ಹೋಗಬೇಕಾದರೂ ಇದೇ ಚೀಟಿ ಪಡೆಯಬೇಕಾಯಿತು. ಅಷ್ಟು ಲಕ್ಷ ಸೈನ್ಯದ ಒಡೆಯನಿಗೆ ಕಡಲಿಗೆ ಇಳಿದಾಗ ತೋಪು ಕಟ್ಟಿದ ಹಡಗುಗಳಿರಲಿಲ್ಲ.

ಪೋರ್ಚುಗಲ್ ಎಷ್ಟು ದೊಡ್ಡ ದೇಶ? ಆಗ ಅಲ್ಲಿನ ಒಟ್ಟು ಜನಸಂಖ್ಯೆ ಹದಿನೈದು ಲಕ್ಷವನ್ನು ಮೀರಿರಲಿಲ್ಲ. ಲಿಸ್ಬನ್ನಿನಿಂದ ವರ್ಷಕ್ಕೊಮ್ಮೆ ಮಾರ್ಚಿನಲ್ಲಿ ಹೊರಡುವ ಹಡಗುಗಳು ಸೆಪ್ಟೆಂಬರಿಗೆ ಗೋವೆ ಮುಟ್ಟಿದರೆ ಪುಣ್ಯ. ಘಟ್ಟ ಹತ್ತಿ ರಾಜ್ಯ ಕಟ್ಟುವ ಶಕ್ತಿ ಅವರಿಗೆ ಇರಲೇ ಇಲ್ಲ. ಅವರು ಕರಾವಳಿಯನ್ನು ಹಿಡಿಯಲಿಲ್ಲ ಪುಟ್ಟೀ, ಅಳಿವೆಗಳನ್ನು ಹಿಡಿದರು. ಅದಕ್ಕೆ ಸಾವಿರ ಜನ ಸಾಕಾಯಿತು.

ಅದಕ್ಕೂ ನಮ್ಮವರ ಕೈ ಸೇರಿತ್ತು ಎಂಬುದನ್ನು ಮುಚ್ಚಿಡಬಾರದು. 1505ರಲ್ಲಿ ಅಲ್ಮೇಡ ಎಂಬವನು ಮೊದಲ ವೈಸರಾಯ್ ಆಗಿ ಬಂದು ಅಂಜದೀವದಲ್ಲಿ ಕೋಟೆ ಕಟ್ಟಲು ತೊಡಗಿದ. ಅಲ್ಲಿಂದ ಹೊನ್ನಾವರಕ್ಕೆ ಬಂದು ಅಳಿವೆಯಲ್ಲಿದ್ದ ಹಡಗುಗಳಿಗೆ ಬೆಂಕಿ ಕೊಟ್ಟ. ಹೊನ್ನಾವರದಲ್ಲಿ ಆಗ ತಿಮ್ಮಯ್ಯ ಎಂಬ ನೌಕಾ ನಾಯಕನಿದ್ದ. ಪೋರ್ಚುಗೀಸರ ಬರಹಗಳಲ್ಲಿ ಅವನ ಹೆಸರು ತಿಮೋಜ. ಬೆಂಕಿ ಆರಿ ಐದು ವರ್ಷ ಆಗುವಷ್ಟರಲ್ಲಿ ಅದೇ ತಿಮ್ಮಯ್ಯ ಪೋರ್ಚುಗೀಸರ ಅಲ್ಬುಕರ್ಕನ ಜೊತೆ ಸೇರಿ, ಬಿಜಾಪುರದವರ ಕೈಯಲ್ಲಿದ್ದ ಗೋವೆಯನ್ನು ಹಿಡಿಯಲು ದಾರಿ ಹೇಳಿಕೊಟ್ಟ. 1510ರಲ್ಲಿ ಗೋವೆ ಒಮ್ಮೆ ಸಿಕ್ಕಿ, ಕೈತಪ್ಪಿ, ನವೆಂಬರ್ 25ರಂದು ಮತ್ತೆ ಸಿಕ್ಕಿತು. ಆಮೇಲೆ 451 ವರ್ಷ ಅವರು ಅಲ್ಲಿಂದ ಏಳಲಿಲ್ಲ. ತಿಮ್ಮಯ್ಯನಿಗೆ ಸಿಕ್ಕಿದ್ದು ಸುತ್ತಲಿನ ಹಳ್ಳಿಗಳ ಕಂದಾಯ ಎತ್ತುವ ಅಧಿಕಾರ; ಅದೂ ಬಹುಕಾಲ ಉಳಿಯಲಿಲ್ಲ. ಅವನನ್ನು ದ್ರೋಹಿ ಎಂದು ಬಯ್ಯುವವರಿದ್ದಾರೆ. ನನಗೆ ಅವನು ಕೂಡಿಸಿ ಕಳೆಯುವ ವ್ಯಾಪಾರಿಯಾಗಿ ಕಾಣುತ್ತಾನೆ. ಎದುರಿಗಿದ್ದ ಶತ್ರು ಬಿಜಾಪುರ, ಹೊಸಬರು ಬರೀ ಬಾಡಿಗೆ ಬಂಟರು ಎಂದು ಲೆಕ್ಕ ಹಾಕಿದ್ದಿರಬೇಕು. ಆಗ ‘ನಮ್ಮ ದೇಶ’ ಎಂದು ನಾವು ಈಗ ಹೇಳುವ ಅರ್ಥದ ಮಾತೇ ಹುಟ್ಟಿರಲಿಲ್ಲ.

ಗೋವೆ ಸಿಕ್ಕಿದ ಮೇಲೆ ಭಟ್ಕಳದ ಹೊಟ್ಟೆಗೆ ಏಟು ಬಿತ್ತು. ಕುದುರೆ ಹಡಗುಗಳೆಲ್ಲ ಗೋವೆಯಲ್ಲೇ ಇಳಿಯಬೇಕು ಎಂದು ಅಲ್ಬುಕರ್ಕ್ ಕಟ್ಟಪ್ಪಣೆ ಮಾಡಿದ. ಕುದುರೆ ಬೇಕಾದರೆ ವಿಜಯನಗರವೂ ಬಿಜಾಪುರವೂ ಗೋವೆಯ ಬಾಗಿಲಿಗೇ ಬರಬೇಕು. ಒಬ್ಬರಿಗೆ ಕೊಡುತ್ತೇವೆಂದು ಹೇಳಿ ಇನ್ನೊಬ್ಬರನ್ನು ಹೆದರಿಸುವ ಆಟಕ್ಕೆ ಇಷ್ಟು ಸಾಕಲ್ಲ! 1542ರಲ್ಲಿ ಭಟ್ಕಳದ ಪೇಟೆಯನ್ನೇ ಸುಟ್ಟರು. 1565ರಲ್ಲಿ ವಿಜಯನಗರ ಸೋತು ಕರಾವಳಿಯ ಪಾಳೆಯಗಾರರಿಗೆ ಬೆನ್ನು ಕಾಯುವವರು ಇಲ್ಲವಾದರು. ಐದು ವರ್ಷ ಕಳೆಯುವುದರೊಳಗೆ, 1568-69ರಲ್ಲಿ, ಮಂಗಳೂರು, ಹೊನ್ನಾವರ, ಬಸ್ರೂರಿನ ಅಳಿವೆ ಮೂರರಲ್ಲೂ ಪೋರ್ಚುಗೀಸರ ಕೋಟೆ ಎದ್ದಿತ್ತು.

ಇಷ್ಟು ಜಮಾ ಬದಿ. ಇನ್ನು ಖರ್ಚಿನ ಬದಿ ನೋಡೋಣ. ಶಾಲೆಯ ಪಾಠಗಳಲ್ಲಿ ಇದು ಅಷ್ಟಾಗಿ ಬರುವುದಿಲ್ಲ.

ಗೋವೆಯಲ್ಲಿ ವೈಸರಾಯ್ ಇದ್ದ, ಇಗರ್ಜಿಗಳಿದ್ದವು, ತೋಪುಗಳಿದ್ದವು. ಊಟಕ್ಕೆ ಸಾಲುವಷ್ಟು ಅಕ್ಕಿ ಇರಲಿಲ್ಲ. ಆ ಪೇಟೆಯ ಜನ, ಸಿಪಾಯಿಗಳು, ಹಡಗಿನವರು ಎಲ್ಲರೂ ಉಣ್ಣುತ್ತಿದ್ದುದು ನಮ್ಮ ಕರಾವಳಿಯ ಅಕ್ಕಿ. ಬಸ್ರೂರು, ಮಂಗಳೂರು, ಹೊನ್ನಾವರದಿಂದ ಅಕ್ಕಿ ತುಂಬಿದ ದೋಣಿಗಳು ಸಾಲಾಗಿ ಗೋವೆಗೆ ಹೋಗುತ್ತಿದ್ದವು, ಅವಕ್ಕೆ ಪೋರ್ಚುಗೀಸರ ಯುದ್ಧದ ಹಡಗುಗಳೇ ಕಾವಲು. ಅಕ್ಕಿ ಅಲ್ಲಿಗೇ ನಿಲ್ಲದೆ ಪರ್ಷಿಯಾ ಕೊಲ್ಲಿಯ ಹೊರ್ಮುಜ್, ಮಸ್ಕತ್ ಕೋಟೆಗಳಿಗೂ ಹೋಗುತ್ತಿತ್ತು. ಎಷ್ಟೋ ಅರಸರಿಂದ ಕಪ್ಪವನ್ನು ಹೊನ್ನಿನ ಬದಲು ಅಕ್ಕಿ ಮೂಟೆಗಳಲ್ಲೇ ಕೇಳುತ್ತಿದ್ದರು. ಈಗಿನ ಮಕ್ಕಳು ಅಕ್ಕಿಮುಡಿ ನೋಡಿರಲಿಕ್ಕಿಲ್ಲ. ಬೈಹುಲ್ಲನ್ನು ಹೆಣೆದು, ಒಳಗೆ ಅಕ್ಕಿ ತುಂಬಿ, ಹಗ್ಗ ಬಿಗಿದು ಮಾಡಿದ ದುಂಡನೆಯ ಮೂಟೆ. ಒಂದು ಮುಡಿಗೆ 42 ಸೇರು ಎಂಬುದು ಮಂಗಳೂರಿನ ಕಡೆಯ ಲೆಕ್ಕ. ಮಳೆಗಾಲದ ಥಂಡಿಯಲ್ಲೂ ಕೆಡದು.

ಹಾಗಾದರೆ ಯಾರು ಯಾರ ಕೈಯಲ್ಲಿದ್ದರು? ಕಡಲಿಗಿಳಿಯಲು ನಮ್ಮವರಿಗೆ ಅವರ ಚೀಟಿ ಬೇಕು, ಊಟಕ್ಕೆ ಕೂರಲು ಅವರಿಗೆ ನಮ್ಮ ಅಕ್ಕಿ ಬೇಕು. ಈ ಎರಡರ ನಡುವಿನ ಹಗ್ಗಜಗ್ಗಾಟವೇ ಮುಂದಿನ ನೂರು-ನೂರೈವತ್ತು ವರ್ಷದ ಕಥೆ. ನಮ್ಮವರು ಸುಮ್ಮನಿರಲಿಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಗೇರುಸೊಪ್ಪೆಯ ಚೆನ್ನಭೈರಾದೇವಿ ಸುಮಾರು ಅರ್ಧ ಶತಮಾನ ಆಳಿದವಳು. ಪೋರ್ಚುಗೀಸರು ಅವಳನ್ನು ಕರೆದದ್ದೇ ‘ಮೆಣಸಿನ ರಾಣಿ’ ಎಂದು. ಅವಳ ನಾಡಿನ ಮೆಣಸು ಬೇಕಾದಾಗ ವ್ಯಾಪಾರ, ಬೆಲೆ ಕುದುರದಾಗ ಜಗಳ. ಉಳ್ಳಾಲದ ಚೌಟ ಮನೆತನದ ಅಬ್ಬಕ್ಕನ ಹೆಸರು ನಿಮಗೆಲ್ಲ ಗೊತ್ತು. ಆ ಮನೆತನದಲ್ಲಿ ಅಳಿಯಕಟ್ಟು; ಪಟ್ಟ ಹೆಣ್ಣಿನ ಕಡೆಯಿಂದ ಬರುತ್ತದೆ. ಹಾಗಾಗಿ ಅಬ್ಬಕ್ಕ ಎಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು ಜನ ಆಳಿದ್ದಾರೆ. ಜನಪದ ಅವರೆಲ್ಲರನ್ನೂ ಸೇರಿಸಿ ಒಬ್ಬಳೇ ವೀರರಾಣಿ ಮಾಡಿಕೊಂಡಿದೆ. ಕಪ್ಪ ಕೊಡದೆ, ಚೀಟಿ ಕೇಳದೆ ಹಡಗು ಕಳಿಸಿದ್ದು, ಪೋರ್ಚುಗೀಸರು ಏರಿ ಬಂದಾಗ ಮೊಗವೀರರನ್ನೂ ಮಾಪಿಳ್ಳೆಗಳನ್ನೂ ಕೂಡಿಸಿಕೊಂಡು ಎದುರಿಸಿದ್ದು ಈ ಕಥೆಗಳಲ್ಲಿ ಬರುತ್ತದೆ.

ಅವರಲ್ಲಿ ಒಬ್ಬಳನ್ನು ಕಣ್ಣಾರೆ ಕಂಡು ಬರೆದಿಟ್ಟವನು ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. ಅವನು ಪಾದ್ರಿಯೂ ಅಲ್ಲ, ವರ್ತಕನೂ ಅಲ್ಲ, ಊರು ನೋಡುವ ಹುಚ್ಚಿನವನು. 1623ರ ಕೊನೆಯಲ್ಲಿ ಮಂಗಳೂರಿಗೆ ಬಂದ. ಉಳ್ಳಾಲದ ರಾಣಿ ಮಾನೆಲ್ ಎಂಬ ಊರಲ್ಲಿದ್ದಾಳೆ ಎಂದು ತಿಳಿದು ಅಲ್ಲಿಗೆ ಹೋದ. ಅರಮನೆಯಲ್ಲಿ ಸಿಂಹಾಸನದ ಮೇಲೆ ಕಾಣುತ್ತಾಳೆ ಎಂದುಕೊಂಡಿದ್ದನೋ ಏನೋ. ರಾಣಿ ದಾರಿಯಲ್ಲೇ ಎದುರಾದಳು. ಬರಿಗಾಲು, ಮೈಮೇಲೆ ಸಾಧಾರಣ ಹತ್ತಿ ಬಟ್ಟೆ, ಕಪ್ಪು ಮೈಬಣ್ಣ, ನೆರಳಿಗೆ ಓಲೆಯ ಕೊಡೆ, ಸುತ್ತ ಕೆಲವು ಭಟರು. ಹೊಲಗಳಿಗೆ ನೀರು ಹಾಯಿಸಲು ತೋಡು ತೋಡಿಸುತ್ತಿದ್ದಳು, ಆ ಕೆಲಸ ನೋಡಲು ಹೊರಟಿದ್ದಳು. ನೋಡುವುದಕ್ಕೆ ರಾಣಿಗಿಂತ ಅಡುಗೆಮನೆಯ ಆಳಿನ ಹಾಗಿದ್ದಾಳೆ ಎಂದು ಆ ಮಹಾಶಯ ಬರೆದುಬಿಟ್ಟಿದ್ದಾನೆ. ಬಿಡಿ, ರೇಷ್ಮೆ ನೋಡಿ ಅಭ್ಯಾಸವಾದ ಕಣ್ಣು. ಆದರೆ ಬಾಯಿ ತೆರೆದು ಮಾತಾಡಿದ ಕೂಡಲೇ ಜಾಣೆ, ವಿವೇಕಿ ಎಂದು ತಿಳಿಯಿತು ಎಂದೂ ಒಪ್ಪಿಕೊಂಡಿದ್ದಾನೆ. ಎಲ್ಲಿಂದ ಬಂದೆ, ಯಾವ ಯಾವ ದೇಶ ನೋಡಿದೆ, ಯಾಕೆ ಹೀಗೆ ಅಲೆಯುತ್ತೀ ಎಂದು ಅವಳೇ ಅವನನ್ನು ಪ್ರಶ್ನೆ ಮಾಡಿದಳಂತೆ. ಅವಳ ಹೆಸರನ್ನು ತನ್ನ ಉಚ್ಚಾರದಲ್ಲಿ ‘ಅಬಗ್ ದೇವಿ ಚೌಟ್ರು’ ಎಂದು ಗುರುತು ಮಾಡಿಕೊಂಡಿದ್ದಾನೆ.

ಈ ರಾಣಿಗೆ ಪಕ್ಕದ ಮಂಗಳೂರಿನ ಬಂಗ ಅರಸ ಗಂಡ. ಇಬ್ಬರಿಗೂ ಬೇರೆ ಬೇರೆ ರಾಜ್ಯ, ಬೇರೆ ಬೇರೆ ಸ್ವಭಾವ. ಮನಸ್ತಾಪ ಬೆಳೆದು ಯುದ್ಧವಾಯಿತು. ಗಂಡ ಪೋರ್ಚುಗೀಸರನ್ನು ಕರೆದ. ಹೆಂಡತಿ ಘಟ್ಟದ ಮೇಲಿನ ಇಕ್ಕೇರಿಯ ವೆಂಕಟಪ್ಪನಾಯಕನಿಗೆ ಹೇಳಿಕಳಿಸಿದಳು. ನಾಯಕನ ದಂಡು ಇಳಿಯಿತು, ಬಂಗ ಕಾಸರಗೋಡಿನ ಕಡೆಗೆ ಓಡಿದ. ರಾಣಿ ಗೆದ್ದಳು, ನಿಜ. ಆದರೆ ಕರೆದಾಗ ಬಂದ ವೆಂಕಟಪ್ಪನಾಯಕ ತಿರುಗಿ ಹೋಗಲಿಲ್ಲ. ಕರಾವಳಿಯ ಉದ್ದಕ್ಕೂ ಅವನ ಮಾತೇ ನಡೆಯತೊಡಗಿತು. ಚೆನ್ನಭೈರಾದೇವಿಯ ರಾಜ್ಯವನ್ನು ಅಷ್ಟರಲ್ಲಾಗಲೇ ಅವನು ನುಂಗಿಯಾಗಿತ್ತು. ಜಾಮೀನಿಗೆ ಸಹಿ ಹಾಕಿದವನು ಕೊನೆಗೆ ಮನೆಯ ಯಜಮಾನನೇ ಆಗಿಬಿಡುವುದನ್ನು ಕೌಂಟರಿನ ಹಿಂದೆ ಕೂತು ನಾನೂ ಕಂಡವನೇ.

ಅದೇ 1623ರಲ್ಲಿ, ಮಂಗಳೂರು ನೋಡುವುದಕ್ಕೆ ಸ್ವಲ್ಪ ಮೊದಲು, ದೆಲ್ಲಾ ವಾಲ್ಲೆ ಹೊನ್ನಾವರದಿಂದ ಪೋರ್ಚುಗೀಸರ ರಾಯಭಾರಿಯ ಜೊತೆ ಇಕ್ಕೇರಿಗೆ ಹೋಗಿದ್ದ. ಆ ರಾಯಭಾರದಲ್ಲೂ ಮೆಣಸಿನ ಲೆಕ್ಕ ಇತ್ತು: ಕೊಂಡ ಮೆಣಸಿಗೆ ಕೊಡಬೇಕಾದ ಹಣ ಬಾಕಿ, ಲಿಸ್ಬನ್ನಿನಿಂದ ಆ ವರ್ಷ ಹಡಗು ಬಂದಿರಲಿಲ್ಲ. ಬಂಗನಿಗೆ ರಾಜ್ಯ ಮರಳಿಸಿ ಎಂದೂ ಕೇಳಿಕೊಳ್ಳಬೇಕಿತ್ತು. ನಾಯಕ ರಾಜ್ಯ ಕೊಡಲಿಲ್ಲ. ಸಾಲಗಾರನಾಗಿ ಬಂದವರು ಇನ್ನೊಬ್ಬರ ಪರವಾಗಿ ಶಿಫಾರಸು ಹೇಳಿದರೆ ಯಾವ ಮ್ಯಾನೇಜರು ಕೇಳುತ್ತಾನೆ?

ನನಗೆ ಆ ಪ್ರಯಾಣದಲ್ಲಿ ಪ್ರಿಯವಾದದ್ದು ರಾಯಭಾರವಲ್ಲ. ಘಟ್ಟದ ದಾರಿಯಲ್ಲಿ ಒಂದು ಊರಿನ ಗುಡಿಯ ಜಗಲಿಯಲ್ಲಿ ದೆಲ್ಲಾ ವಾಲ್ಲೆ ತಂಗಿದ್ದಾಗ ನಾಲ್ಕು ಹುಡುಗರನ್ನು ನೋಡಿದ. ನೆಲದ ಮೇಲೆ ನಯವಾದ ಮರಳು ಹರಡಿಕೊಂಡು ಕೂತಿದ್ದಾರೆ. ಒಬ್ಬ ರಾಗವಾಗಿ ಲೆಕ್ಕದ ಒಂದು ಸಾಲು ಹೇಳುತ್ತಾನೆ, ಹೇಳುತ್ತಲೇ ಬೆರಳಿನಿಂದ ಮರಳಿನ ಮೇಲೆ ಬರೆಯುತ್ತಾನೆ. ಉಳಿದವರೂ ಅದನ್ನೇ ಹಾಡಿ ಬರೆಯುತ್ತಾರೆ. ನೆಲ ತುಂಬಿತೋ, ಅಳಿಸಿ ಮತ್ತೆ ಮರಳು ಎರಚುತ್ತಾರೆ. ಕಾಗದ ಇಲ್ಲ, ಮಸಿ ಇಲ್ಲ, ಮೇಷ್ಟರೂ ಇಲ್ಲ. ಮರೆತುಹೋದರೆ ಅಥವಾ ತಪ್ಪಾದರೆ ಯಾರು ತಿದ್ದುತ್ತಾರೆ ಎಂದು ಅವನು ಕೇಳಿದ. ನಾಲ್ಕು ಜನಕ್ಕೂ ಒಟ್ಟಿಗೆ ಮರೆಯುವುದು ಹೇಗೆ ಸಾಧ್ಯ, ಒಬ್ಬ ಮರೆತರೆ ಇನ್ನೊಬ್ಬ ಹೇಳುತ್ತಾನೆ ಎಂದರಂತೆ ಹುಡುಗರು. ಪರದೇಶಿ ಬೆರಗಾಗಿ ಅದನ್ನೆಲ್ಲ ಬರೆದುಕೊಂಡ. ವೈಸರಾಯ್‌ಗಳ ಕಾಗದಗಳಲ್ಲಿ ಸಿಗದ ಒಂದು ಸಂಗತಿ ಇಲ್ಲಿ ಸಿಗುತ್ತದೆ: ಮೇಲೆ ಯಾರು ಯಾರ ಕೋಟೆ ಹಿಡಿದರೂ ಕೆಳಗೆ ಮಗ್ಗಿಯ ಪಾಠ ನಡೆದೇ ಇತ್ತು. ರಜೆಯಲ್ಲಿ ತಟ್ಟೆಯಲ್ಲಿ ಮರಳು ಹರಡಿ ನೀವೂ ಹೀಗೆ ಹದಿಮೂರರ ಮಗ್ಗಿ ಮಾಡಿ ನೋಡಿ, ಮೊಬೈಲಿನಲ್ಲಿ ಕಲಿತದ್ದಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ.

ಹದಿನೇಳನೆಯ ಶತಮಾನದಲ್ಲಿ ಆಟಕ್ಕೆ ಇನ್ನೂ ಇಬ್ಬರು ಸೇರಿದರು. ಡಚ್ಚರು ಗೋವೆಯ ಅಳಿವೆಗೇ ಅಡ್ಡ ಬಂದು ನಿಂತು ಪೋರ್ಚುಗೀಸರ ಕೈಕಟ್ಟುತ್ತಿದ್ದರು. ಬಸ್ರೂರಿನಲ್ಲಿ ಕೋಠಿ ಹಾಕಿದರು. 1663ರಲ್ಲಿ ಕೊಚ್ಚಿಯನ್ನೇ ಕಿತ್ತುಕೊಂಡರು. ಇಂಗ್ಲಿಷರು 1637ರಲ್ಲಿ ಭಟ್ಕಳಕ್ಕೆ ಬಂದು, ತಮ್ಮವರನ್ನು ಘಟ್ಟ ಹತ್ತಿಸಿ ವೀರಭದ್ರನಾಯಕನಲ್ಲಿ ಮೆಣಸಿನ ವ್ಯಾಪಾರಕ್ಕೆ ಅಪ್ಪಣೆ ಕೇಳಿಸಿದರು. ಮರುವರ್ಷ ಕಾರವಾರದಲ್ಲಿ ಕೋಠಿ ತೆರೆದರು. ಭಟ್ಕಳದ ಇಂಗ್ಲಿಷರ ಬಗ್ಗೆ ಒಂದು ಕಥೆ ಇದೆ. ಅವರ ಬುಲ್‌ಡಾಗ್ ನಾಯಿ ದೇವಸ್ಥಾನದ ಹಸುವನ್ನು ಕೊಂದಿತೆಂದು ಊರವರು ರೊಚ್ಚಿಗೆದ್ದು ಹದಿನೆಂಟು ಮಂದಿಯನ್ನೂ ಮುಗಿಸಿದರು, 1670ರಲ್ಲಿ, ಎಂದು ಹ್ಯಾಮಿಲ್ಟನ್ ಎಂಬ ಹಡಗಿನ ಕಪ್ತಾನ ಎಷ್ಟೋ ವರ್ಷದ ಮೇಲೆ ಬರೆದ. ಭಟ್ಕಳದಲ್ಲಿ ಇಂಗ್ಲಿಷರ ಹಳೆಯ ಗೋರಿಗಳು ಇರುವುದು ನಿಜ. ಆದರೆ ಅವುಗಳ ಮೇಲಿರುವ ವರ್ಷ 1637, 1638. ತಾರೀಖು ತಾಳೆಯಾಗದ ವೋಚರನ್ನು ಪಾಸು ಮಾಡುವ ಅಭ್ಯಾಸ ನನಗಿಲ್ಲ.

ಅಂಜದೀವದಲ್ಲಿ ಮಾತ್ರ ಇಂಗ್ಲಿಷರು ಸತ್ತದ್ದಕ್ಕೆ ಅನುಮಾನ ಬೇಡ. ಪೋರ್ಚುಗೀಸ್ ರಾಜಕುಮಾರಿಯನ್ನು ಮದುವೆಯಾದ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್‌ಗೆ ಬೊಂಬಾಯಿ ವರದಕ್ಷಿಣೆಯಾಗಿ ಸಿಕ್ಕಿತಷ್ಟೆ. ವಶಕ್ಕೆ ತೆಗೆದುಕೊಳ್ಳಲು 1662ರಲ್ಲಿ ಸುಮಾರು ನಾನೂರು ಸಿಪಾಯಿಗಳು ಬಂದರೆ, ಅಲ್ಲಿನ ಪೋರ್ಚುಗೀಸ್ ಅಧಿಕಾರಿಗಳು ಕಾಗದಪತ್ರ ಸರಿಯಿಲ್ಲ ಎಂದು ಊರು ಬಿಟ್ಟುಕೊಡಲಿಲ್ಲ. ಇಳಿಯಲು ಬೇರೆ ಜಾಗ ಸಿಗದೆ ಅವರು ಅಂಜದೀವದಲ್ಲಿ ಬಿಡಾರ ಹೂಡಿದರು. ನಮ್ಮ ಕಾರವಾರದ ಮಳೆ ಗೊತ್ತಲ್ಲ? ಎರಡು ಮಳೆಗಾಲ ಮುಗಿಯುವಾಗ ಜ್ವರ, ಭೇದಿಗೆ ಸಿಕ್ಕಿ ಅವರ ನಾಯಕ ಶಿಪ್‌ಮನ್ನನೂ ಸೇರಿ ಬಹುಪಾಲು ಜನ ತೀರಿಕೊಂಡಿದ್ದರು. 1665ರಲ್ಲಿ ಬೊಂಬಾಯಿ ಸೇರಿದವರು ನೂರರ ಆಸುಪಾಸು. ವರದಕ್ಷಿಣೆ ಎಲ್ಲೇ ಆಗಲಿ, ತೆತ್ತವರು ಯಾರೋ ಬಡಪಾಯಿಗಳು. ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗರು ಇದ್ದಿರಬೇಕು, ತಮ್ಮನ್ನು ಯಾಕೆ ಅಲ್ಲಿ ಇಳಿಸಿದ್ದಾರೆ ಎಂದೂ ತಿಳಿಯದವರು.

ಈ ಹೊರಗಿನವರು ಒಬ್ಬರಿಗೊಬ್ಬರು ಕಚ್ಚಾಡುವುದನ್ನು ಚೆನ್ನಾಗಿ ಬಳಸಿಕೊಂಡವನು ಕೆಳದಿಯ ಶಿವಪ್ಪನಾಯಕ. ಡಚ್ಚರ ಕಾಟದಿಂದ ಗೋವೆ ಹೈರಾಣಾಗಿದ್ದ ಹೊತ್ತು ನೋಡಿ, 1652ರಿಂದ 54ರ ಒಳಗೆ ಬಸ್ರೂರು, ಹೊನ್ನಾವರ, ಮಂಗಳೂರು ಮೂರೂ ಕೋಟೆಗಳನ್ನು ಕಿತ್ತುಕೊಂಡ. ಹೊಲಗದ್ದೆ ಅಳೆಸಿ, ಇಳುವರಿ ನೋಡಿ ಕಂದಾಯ ಗೊತ್ತುಮಾಡಿದ ‘ಶಿಸ್ತು’ ಅವನದ್ದೇ. ಲೆಕ್ಕ ಬಲ್ಲ ಅರಸ. ಆದರೂ ಅವನ ನಂತರದವರು ಪೋರ್ಚುಗೀಸರನ್ನು ಪೂರ್ತಿ ಹೊರಗಿಡಲಿಲ್ಲ. ಚೆನ್ನಮ್ಮಾಜಿಯ ಕಾಲದಲ್ಲಿ, 1678ರಲ್ಲಿ, ಒಪ್ಪಂದ ಬರೆದು ಮಂಗಳೂರಿನಲ್ಲಿ ಕೋಠಿಗೆ ಜಾಗ ಕೊಟ್ಟರು. ಅಕ್ಕಿ ಕೊಳ್ಳುವವರೂ ಬೇಕಲ್ಲ! ಬಸ್ರೂರಿನ ಸಿರಿವಂತಿಕೆ ಎಂಥದೆಂದರೆ 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರೇ ಹಡಗುಗಳ ಸಾಲು ಕಟ್ಟಿಕೊಂಡು ಬಂದು ಆ ಪೇಟೆಯನ್ನು ಸೂರೆ ಮಾಡಿದರು.

ಕೆಳದಿ 1763ರಲ್ಲಿ ಹೈದರಾಲಿಯ ಕೈ ಸೇರಿತು, 1799ರಲ್ಲಿ ಟಿಪ್ಪು ಮಡಿದ ಮೇಲೆ ಇಡೀ ಕರಾವಳಿ ಇಂಗ್ಲಿಷರ ಪಾಲಾಯಿತು. ಪೋರ್ಚುಗೀಸರಿಗೂ ಇವರಿಗೂ ಇದ್ದ ವ್ಯತ್ಯಾಸ ಇಲ್ಲಿದೆ ನೋಡಿ. ಅವರು ಕಡಲಿನ ಚೀಟಿ ಕೊಟ್ಟರು, ಗದ್ದೆ ನಮ್ಮ ಅರಸರ ಲೆಕ್ಕದಲ್ಲೇ ಉಳಿಯಿತು. ಇಂಗ್ಲಿಷರ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಬಂದವನೇ ಹುಡುಕಿದ್ದು ಗದ್ದೆಯ ಹಳೆಯ ಕಡತಗಳನ್ನು. ಶಿವಪ್ಪನಾಯಕನ ಶಿಸ್ತಿನ ಲೆಕ್ಕವನ್ನೇ ಮುಂದಿಟ್ಟುಕೊಂಡು ಕಂದಾಯ ಕಟ್ಟಿದ. ಮಳೆಗೆ ಬೇಸತ್ತು ಬೇರೆ ಕಡೆಗೆ ವರ್ಗ ಮಾಡಿಕೊಡಿ ಎಂದು ಕೇಳಿಕೊಂಡು ಒಂದೂವರೆ ವರ್ಷದೊಳಗೆ ಹೊರಟೂ ಹೋದ. ಕಡತ ಮಾತ್ರ ಕೈಬಿಡಲಿಲ್ಲ. ಅಳಿವೆ, ಗದ್ದೆ ಎರಡೂ ಒಬ್ಬರದೇ ಲೆಡ್ಜರಿಗೆ ಸೇರಿದ ಮೇಲೆ ಅಕ್ಕಿ ತಡೆದು ಹೆದರಿಸುವ ದಾರಿ ನಮ್ಮವರಿಗೆ ಮುಚ್ಚಿಹೋಯಿತು.

ಮಕ್ಕಳೇ, ಆ ಚೀಟಿಯವರು ಬಿಟ್ಟುಹೋದ ಕೆಲವು ಮಾತುಗಳು ಇನ್ನೂ ನಮ್ಮ ಬಾಯಲ್ಲಿವೆ. ನಾನು ತಿಂಗಳಿಗೊಮ್ಮೆ ಎಣಿಸಿಕೊಂಡ ‘ಪಗಾರ’, ಬೀರುವಿನ ‘ಚಾವಿ’, ಒತ್ತೆಯ ಒಡವೆ ಬಿಡಿಸದವರ ಮೇಲೆ ಹಾಕುತ್ತಿದ್ದ ‘ಲಿಲಾವು’ ಮೂರೂ ಪೋರ್ಚುಗೀಸ್ ಭಾಷೆಯಿಂದ ಬಂದವು. ಬಟಾಟೆ, ಅನಾನಸು, ಗೇರುಬೀಜ, ಪೇರಳೆ ಅವರ ಹಡಗಿನಲ್ಲಿ ಬಂದ ಬೆಳೆಗಳು. ಇನ್ನೊಂದು ಗಿಡವೂ ಬಂತು, ಅಮೆರಿಕಾದ ಕಡೆಯದ್ದು. ಅದರ ಕಾಯಿ ಖಾರವಾಗಿತ್ತು. ನಮಗೆ ಆಗ ಗೊತ್ತಿದ್ದ ಖಾರವೆಂದರೆ ಮೆಣಸು ಒಂದೇ. ಹೊಸದಕ್ಕೂ ಮೆಣಸಿನಕಾಯಿ ಎಂದೇ ಹೆಸರಿಟ್ಟೆವು. ಯಾವುದಕ್ಕಾಗಿ ಅಷ್ಟು ದೂರದವರು ಅಷ್ಟು ಬೆಂಕಿ ಹಚ್ಚಿದರೋ ಆ ಹಳೆಯ ಮೆಣಸಿನ ಹೆಸರನ್ನು ಅವರೇ ತಂದ ಗಿಡ ಕಸಿದುಕೊಂಡಿತು. ಈಗ ನಮ್ಮ ಕರಾವಳಿಯ ಅಂಗಡಿಯಲ್ಲಿ ಬರೀ ‘ಮೆಣಸು’ ಕೊಡಿ ಎಂದರೆ ಒಣಗಿದ ಕೆಂಪು ಮೆಣಸಿನಕಾಯಿ ಕಟ್ಟಿಕೊಡುತ್ತಾರೆ. ಕಷಾಯಕ್ಕೆ ಹಾಕುವ ಕರಿಯ ಕಾಳು ಬ್ಯಾಡ್ಮಿಂಟನ್ ಆಡಿ ಕೆಮ್ಮುತ್ತ ಬರುವ ನನ್ನ ಮೊಮ್ಮಗನಿಗೆ ಬೇಕಾದರೆ, ‘ಒಳ್ಳೆಮೆಣಸು’ ಎಂದು ಬಿಡಿಸಿ ಕೇಳಬೇಕು.